ಮಾತ್ರೆಯ ಮಾತು

ಅಪ್ಪ ಮಗಳ ಮಾತ್ರೆಯನ್ನು ಎರಡು ತುಂಡು ಮಾಡಿ ಒಂದು ತುಂಡನ್ನು ಮಾತ್ರ ಅವಳಿಗೆ ಕೊಟ್ಟ. ಹತ್ತೊಂಬತ್ತು ದಿನ ಹಾಗೆ ಕೊಟ್ಟ. ಅವಳಿಗೂ ಹೇಳಲಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ಹೇಳಲಿಲ್ಲ.

ಕೊಟ್ಟದ್ದು ಬಾಳೆಹಣ್ಣಿನಲ್ಲಿ. ಮಗಳಿಗೆ ಒಂಬತ್ತು ವರ್ಷವಿದ್ದಾಗ ಶಾಲೆಯ ಮೆಟ್ಟಿಲ ಮೇಲೆ ಮೊದಲ ಮೂರ್ಛೆ ಬಂದಿತ್ತು. ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಆಗ ಅತ್ತಿದ್ದಳು. ಅಪ್ಪ ಬಾಳೆಹಣ್ಣು ಕಿವುಚಿ, ಮಾತ್ರೆಯನ್ನು ಅದರೊಳಗೆ ಹುದುಗಿಸಿ, ಚಮಚದಲ್ಲಿ ಬಾಯಿಗಿಟ್ಟಿದ್ದ. ಈಗ ಅವಳಿಗೆ ಮೂವತ್ತೊಂದು. ಬೆಳಗಿನ ಚಮಚ ನಿಂತಿರಲಿಲ್ಲ. ಹೆಸರೂ ಆಗಿನದೇ ಉಳಿದಿತ್ತು. ಮನೆಗೂ ಬೀದಿಗೂ ಅವಳು ಕೂಸು. ಕೂಸು ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದಳು, ಅಪ್ಪ ಚಮಚ ಇಡುತ್ತಿದ್ದ, ಆಮೇಲೆ ಹೋಗಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದ.

ಅಪ್ಪ ತಕ್ಕಡಿ ರಿಪೇರಿಯವನು. ಪೇಟೆಯವರಿಗೆಲ್ಲ ಮೇಸ್ತ್ರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಸೂರಿನಿಂದ ಇಳಿಬಿಟ್ಟ ಹಿತ್ತಾಳೆ ತಟ್ಟೆಗಳು, ಗೋಡೆಗೆ ಒರಗಿದ ದಂಡಗಳು, ನೆಲದ ಮೇಲೆ ಸಾಲಾಗಿ ಕಬ್ಬಿಣದ ತೂಕದ ಕಲ್ಲುಗಳು. ಬೀದಿಯಲ್ಲಿ ಲಾರಿ ಹೋದರೆ ತಟ್ಟೆಗಳೆಲ್ಲ ಒಟ್ಟಿಗೆ ಅಲುಗಿ, ಬೆಳಕಿನ ಬಿಲ್ಲೆಗಳು ಗೋಡೆಯ ಮೇಲೆ ಮೀನಿನ ಮರಿಗಳ ಹಾಗೆ ಓಡಾಡಿ, ಮತ್ತೆ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಿದ್ದವು. ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಚಿನ್ನ ತೂಗುವ ಸಣ್ಣ ತಕ್ಕಡಿ. ಅದರ ಮುಂದೆ ಉಸಿರು ಬಿಟ್ಟರೂ ಮುಳ್ಳು ಅಲ್ಲಾಡುತ್ತಿತ್ತು. ಎಲ್ಲರೂ ಏಳುವ ಮೊದಲು ಅಪ್ಪ ತೆಳುವಾದ ಅಲಗಿನಿಂದ ಮಾತ್ರೆ ಕತ್ತರಿಸಿ, ಎರಡು ತುಂಡನ್ನೂ ಎರಡು ತಟ್ಟೆಯಲ್ಲಿಟ್ಟು, ಭಾರವಾದದ್ದನ್ನು ಅರದಿಂದ ಒಂಚೂರು ಉಜ್ಜಿ, ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಮೂವತ್ತೈದು ವರ್ಷ ಅದೇ ಕೆಲಸ ಮಾಡಿದವನು. ಅರ್ಧ ಎಂದರೆ ಅವನಿಗೆ ಅರ್ಧವೇ.

ಹೀಗೇಕೆ ಮಾಡಿದ ಎಂದು ಹೇಳಬೇಕಾದರೆ ನಾಲ್ಕೈದು ತಿಂಗಳು ಹಿಂದೆ ಹೋಗಬೇಕು.

ಹಳೆಯ ಮಾತ್ರೆಯ ಕಾಲದಲ್ಲಿ ಆ ಮನೆ ನೀರಿನ ತಳದಲ್ಲಿ ಇದ್ದ ಹಾಗಿತ್ತು. ಕೂಸು ಬಿಸಿಲು ಏರಿದ ಮೇಲೆ ಎದ್ದು, ಗೋಡೆ ಹಿಡಿದು ಅಂಗಡಿಗೆ ಬಂದು, ತೂಕದ ಕಲ್ಲುಗಳಿಗೆ ಕಪ್ಪು ಬಣ್ಣ ಬಳಿಯಲು ಕೂರುತ್ತಿದ್ದಳು. ಬಲಗೈ ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಎಡಗೈಯಲ್ಲಿ ಬ್ರಷ್. ಒಂದು ಕಲ್ಲಿಗೆ ಒಂದು ಗಂಟೆ. ಬ್ರಷ್ ಡಬ್ಬಿಯಲ್ಲಿ ಅದ್ದಿದವಳು ಅದನ್ನು ಎತ್ತುವುದು ಮರೆತು, ಬೀದಿಯ ಬಿಸಿಲು ಹೊಸಿಲು ದಾಟಿ ತನ್ನ ಪಾದದವರೆಗೆ ಬರುವುದನ್ನು ನೋಡುತ್ತ ಕೂತುಬಿಡುತ್ತಿದ್ದಳು. ತಿಂಗಳಿಗೆ ಮೂರೋ ನಾಲ್ಕೋ ಸಲ ಮೂರ್ಛೆ. ಮನೆಯವರು ಆ ಪದ ಆಡುತ್ತಿರಲಿಲ್ಲ. ‘ಹೋದಳು’ ಎನ್ನುತ್ತಿದ್ದರು, ಕಣ್ಣು ಬಿಟ್ಟರೆ ‘ಬಂದಳು’. ಅಜ್ಜಿ ಅವಳನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ಸೆರಗು ಮಡಿಸಿಟ್ಟು ಕಾಯುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ, ಮೊದಲು ಒದ್ದೆ ಸುಣ್ಣದ ವಾಸನೆ ಬರುತ್ತದೆ, ಆಮೇಲೆ ಒಂದು ಉದ್ದದ ಓಣಿ, ಓಣಿಯ ಕೊನೆಯಲ್ಲಿ ಯಾರೋ ಬಿಳಿ ಬಟ್ಟೆ ಒಣಹಾಕುತ್ತಿರುತ್ತಾರೆ, ಮುಖ ನೋಡೋಣ ಅನ್ನುವಷ್ಟರಲ್ಲಿ ನೀವೆಲ್ಲ ಕರೆದುಬಿಡುತ್ತೀರಿ ಎನ್ನುತ್ತಿದ್ದಳು.

“ಇನ್ಯಾರು, ನಿಮ್ಮಮ್ಮನೇ ಇರ್ಬೇಕು,” ಅಜ್ಜಿ ಅನ್ನುತ್ತಿದ್ದಳು. “ಅಲ್ಲೂ ಅವಳಿಗೆ ರಜ ಇಲ್ಲ.”

ಅಮ್ಮ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಚಾದರ ಮಡಿಸುತ್ತಿದ್ದಳು. ಆವಿಯಲ್ಲಿ ಇಡೀ ದಿನ ನಿಂತು, ಬೆರಳ ತುದಿ ಬೆಳ್ಳಗೆ ಸುಕ್ಕಾಗಿ ಮನೆಗೆ ಬರುತ್ತಿದ್ದಳು. ಮಾತು ಕಡಿಮೆ. ಹೊಸ ಡಾಕ್ಟರಮ್ಮನ ವಿಷಯ ತಂದವಳು ಮಾತ್ರ ಅವಳೇ.

ಡಾಕ್ಟರಮ್ಮ ಹಳೆಯ ಮಾತ್ರೆಯನ್ನು ವಾರವಾರವೂ ಇಳಿಸುತ್ತ ಬಂದು ನಿಲ್ಲಿಸಿ ಹೊಸದನ್ನು ಕೊಟ್ಟಳು. ದಿನಕ್ಕೆ ಒಂದು, ದೊಡ್ಡದು. ಸಿಡುಕು ಬರಬಹುದು, ಕೆಲವರಿಗೆ ಕೋಪ ಜಾಸ್ತಿಯಾಗುತ್ತದೆ, ನೋಡಿಕೊಳ್ಳಿ ಎಂದೂ ಹೇಳಿದ್ದಳು. ನಾಲ್ಕು ತಿಂಗಳು ಕೂಸು ಒಂದೇ ಒಂದು ಸಲವೂ ಹೋಗಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಏಳತೊಡಗಿದಳು. ಒಂದು ದಿನ ಎದುರುಮನೆಯ ಬಾಗಿಲ ಮುಂದೆ ನಿಂತು, ಇದು ನೀಲಿ ಇತ್ತಲ್ಲ, ಹಸಿರು ಯಾವಾಗಾಯಿತು ಎಂದು ಕೇಳಿದಳು. ಆರು ವರ್ಷವಾಯಿತು ಎಂದರು. ಕೂಸು ಅಲ್ಲೇ ನಿಂತು ಆ ಹಸಿರನ್ನು ಬೆರಳಿನಿಂದ ಸವರಿ ನೋಡಿದಳು. ಅನ್ನಕ್ಕೆ ಉಪ್ಪು ಸಾಲದು ಎಂದಳು. ನಲ್ಲಿ ತೊಟ್ಟಿಕ್ಕುವುದು ಅವಳಿಗೆ ಕೇಳಿಸತೊಡಗಿತು. ಮೊದಲೂ ತೊಟ್ಟಿಕ್ಕುತ್ತಿತ್ತಂತೆ, ಅವಳೇ ಎದ್ದು ಹೋಗಿ ಬಟ್ಟೆ ಸುತ್ತಿದಳು. ಕಲ್ಲಿಗೆ ಬಣ್ಣ ಬಳಿಯಲು ಈಗ ಹತ್ತು ನಿಮಿಷ ಸಾಕಾಗುತ್ತಿತ್ತು.

ಕೋಪವೂ ಜತೆಗೇ ಬಂತು. ಒಂದು ಮಧ್ಯಾಹ್ನ ಅಜ್ಜಿ ಇನ್ನೊಂದು ಸೌಟು ಅನ್ನ ಬಡಿಸಲು ಹೋದಾಗ ಕೂಸು ತಟ್ಟೆಯನ್ನೇ ಎತ್ತಿ ಎಸೆದಳು. ಅದು ಅಜ್ಜಿಯ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ಮರುಗಳಿಗೆ ಕೂಸು ನೆಲದ ಮೇಲೆ ಕುಸಿದು ಅಳುತ್ತ, ಕೈ ನನ್ನದೇ, ಎಸೆದದ್ದು ಯಾರೋ ಗೊತ್ತಿಲ್ಲ ಎಂದಳು. ಅಜ್ಜಿ ಕೂದಲಿಗಂಟಿದ ಅನ್ನದ ಅಗುಳು ತೆಗೆಯುತ್ತ, “ನಾನು ಯಾವ ಮಾತ್ರೇನೂ ನುಂಗ್ದೆ ನಲವತ್ತು ವರ್ಷ ನಿಮ್ಮಜ್ಜನ ಮೇಲೆ ಪಾತ್ರೆ ಎಸೆದಿದೀನಿ. ಎದ್ದು ಮುಖ ತೊಳಿ,” ಎಂದಳು.

ತಮ್ಮ ಅದಕ್ಕೆ ಹೆಸರಿಟ್ಟ. ಅಕ್ಕ ದನಿ ಎತ್ತಿದರೆ ಸಾಕು, ‘ಮಾತ್ರೆ ಮಾತಾಡ್ತಿದೆ’ ಎನ್ನುತ್ತಿದ್ದ. ತಮಾಷೆಗೆ ಶುರುವಾದದ್ದು ಮನೆಯ ಮಾತೇ ಆಯಿತು. ಸುಮ್ಮಸುಮ್ಮನೆ ಕಿರುಚಿದಾಗಲೂ ಮಾತ್ರೆ, ತಮ್ಮ ಅವಳ ಹಾಸಿಗೆಯ ಮೇಲೆ ಒದ್ದೆ ಟವೆಲು ಹಾಕಿದ್ದಕ್ಕೆ ಬೈದಾಗಲೂ ಮಾತ್ರೆ.

ತಮ್ಮ ಸಾಹುಕಾರನ ಲಾರಿ ಓಡಿಸುತ್ತಿದ್ದ. ಸಾಹುಕಾರ ಕಾಳಿನ ಸಗಟು ವ್ಯಾಪಾರಿ. ಪೇಟೆಯ ಕೊನೆಯ ದೊಡ್ಡ ಗೋದಾಮು ಅವನದು. ಅಪ್ಪನ ಅರ್ಧ ಕೆಲಸವೂ ಅಲ್ಲಿಂದಲೇ. ಗೋದಾಮಿನಲ್ಲಿ ತೂಕದ ಕಲ್ಲು ಎರಡು ಜತೆ: ಮಾರುವ ಕಲ್ಲು ಒಂದು ಜತೆ, ಕೊಳ್ಳುವ ಕಲ್ಲು ಒಂದು ಜತೆ. ನೋಡಲು ಎರಡೂ ಒಂದೇ. ಇನ್ಸ್‌ಪೆಕ್ಟರು ಬಂದು ವರ್ಷದ ಮುದ್ರೆ ಒತ್ತಿ ಹೋದ ಮೇಲೆ ಕೊಳ್ಳುವ ಕಲ್ಲುಗಳು ಚೀಲದಲ್ಲಿ ಅಪ್ಪನ ಅಂಗಡಿಗೆ ಬರುತ್ತಿದ್ದವು. ಅಪ್ಪ ಮುದ್ರೆಯನ್ನು ಮುಟ್ಟದೆ, ಅಡಿಯಲ್ಲಿ ಬೇರೆ ತೂತು ಕೊರೆದು, ಕಬ್ಬಿಣದ ಪುಡಿ ತೆಗೆದು, ಕರಗಿಸಿದ ಸೀಸ ಹೊಯ್ಯುತ್ತಿದ್ದ. ಸೀಸ ಕಬ್ಬಿಣಕ್ಕಿಂತ ಭಾರ. ಮೇಲೆ ಕಪ್ಪು ಬಣ್ಣ. ಬಣ್ಣ ಬಳಿಯುವುದು ಕೂಸಿನ ಕೆಲಸ. ಹತ್ತು ವರ್ಷ ಇದೆಲ್ಲ ಅವಳ ಮುಂದೆಯೇ ನಡೆದಿತ್ತು, ಬಾಗಿಲ ಚಿಲಕ ಹಾಕಿಕೊಂಡು. ಚಿಲಕ ಹಾಕುವಾಗ ಅವಳು ಒಳಗಿದ್ದಾಳೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸ್ಟೂಲು ಇತ್ತು, ಡಬ್ಬಿ ಇತ್ತು, ಕೂಸು ಇದ್ದಳು.

ಒಂದು ದಿನ ಅಂಗಡಿಗೆ ಕಾಳು ಬೆಳೆಯುವ ಹೆಂಗಸೊಬ್ಬಳು ತನ್ನ ಕೈತಕ್ಕಡಿ ಹಿಡಿದುಕೊಂಡು ಬಂದಳು. ಮನೆಯಲ್ಲಿ ಸ್ವಲ್ಪಸ್ವಲ್ಪವಾಗಿ ತೂಗಿದರೆ ಮೂಟೆ ಐವತ್ತು ಕಿಲೋ ಬರುತ್ತದೆ, ಗೋದಾಮಿನಲ್ಲಿ ನಲವತ್ತೊಂಬತ್ತು. ಪ್ರತಿ ಸಲ ಹೀಗೇ. ತನ್ನ ತಕ್ಕಡಿ ಕೆಟ್ಟಿರಬೇಕು, ನೋಡಿ ಮೇಸ್ತ್ರಿ ಎಂದಳು. ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು. ಅಪ್ಪ ತಕ್ಕಡಿಯನ್ನು ಬೆಳಕಿಗೆ ಹಿಡಿದು, ದಂಡ ಸವೆದಿದೆ, ಹಳೆಯದಾಯಿತಲ್ಲ ಎಂದ.

“ಅವರ ತಕ್ಕಡಿ ಸರಿಯಾಗೇ ಇದೆ,” ಕೂಸು ಹೇಳಿದಳು.

ಅಪ್ಪ ತಿರುಗಿ ನೋಡಿದ.

“ಗೋದಾಮಿನ ಕಲ್ಲು ಸರಿಯಿಲ್ಲ. ಒಳಗೆ ಸೀಸ ಇದೆ. ಅಪ್ಪನೇ ಹೊಯ್ದಿದ್ದು. ಬಣ್ಣ ನಾನು ಬಳಿದಿದ್ದು.”

ಅಪ್ಪ ನಗಲು ನೋಡಿದ. ಹುಷಾರಿಲ್ಲದ ಹುಡುಗಿ, ಹೊಸ ಮಾತ್ರೆ, ಏನೇನೋ ಬಡಬಡಿಸುತ್ತಾಳೆ ಎಂದ. ಆಗ ಕೂಸು ಎದ್ದು ಬಣ್ಣದ ಡಬ್ಬಿಯನ್ನು ನೆಲಕ್ಕೆ ಅಪ್ಪಳಿಸಿದಳು. ಕಪ್ಪು ಬಣ್ಣ ಹೊಸಿಲವರೆಗೂ ಹರಡಿತು. ತೂಗುತ್ತಿದ್ದ ತಟ್ಟೆಗಳೆಲ್ಲ ಅಲುಗಾಡಿ, ಬೆಳಕಿನ ಬಿಲ್ಲೆಗಳು ಕಾಳಿನ ಹೆಂಗಸಿನ ಮುಖದ ಮೇಲೆ ಓಡಾಡಿದವು. ಅವಳು ತಕ್ಕಡಿ ಎತ್ತಿಕೊಂಡು, ಬಣ್ಣದ ಮಡುವನ್ನು ದಾಟಿ ಹೊರಟುಹೋದಳು.

ಸಂಜೆಯೊಳಗೆ ಮಾತು ಪೇಟೆಗೆಲ್ಲ ಹಬ್ಬಿತು. ಸಾಹುಕಾರ ತನ್ನ ತಕ್ಕಡಿಗಳನ್ನೆಲ್ಲ ಅಂಗಡಿಯಿಂದ ವಾಪಸು ತರಿಸಿಕೊಂಡ. ತಮ್ಮನನ್ನು ಕರೆದು, ನಿನ್ನ ಲಾರಿಯ ಬೀಗದಕೈ ಸದ್ಯಕ್ಕೆ ನಿನ್ನ ಹತ್ತಿರವೇ ಇರಲಿ ಎಂದ. ಆ ‘ಸದ್ಯಕ್ಕೆ’ಯನ್ನು ತಮ್ಮ ಮನೆಗೆ ತಂದ. ಊಟಕ್ಕೆ ಕೂತವರು ಯಾರೂ ಊಟ ಮಾಡಲಿಲ್ಲ.

“ಅವಳು ಹೇಳಿದ್ದು ಸುಳ್ಳೇನೋ?” ಅಜ್ಜಿ ತನ್ನ ಮಗನನ್ನು ಕೇಳಿದಳು.

“ಸುಳ್ಳೋ ನಿಜವೋ, ಹತ್ತು ವರ್ಷ ಇಲ್ಲದ್ದು ಈಗ್ಯಾಕೆ? ಮಾತ್ರೆ ಅಲ್ದೆ ಇನ್ನೇನಮ್ಮ?”

ಮಾರನೆಯ ಬೆಳಿಗ್ಗೆ ಅಪ್ಪ ಅಲಗು ತೆಗೆದ. ಪೂರ್ತಿ ನಿಲ್ಲಿಸಿದರೆ ಫಿಟ್ಸ್ ಬರುತ್ತದೆ, ಅದು ಅವನಿಗೆ ಗೊತ್ತಿತ್ತು. ಪೂರ್ತಿ ಕೊಟ್ಟರೆ ಕೋಪ ಬರುತ್ತದೆ. ಅರ್ಧ ಕೊಟ್ಟರೆ ಎರಡೂ ಬರಲಾರವು. ಮುಳ್ಳು ನಡುವೆ ನಿಲ್ಲುವ ಜಾಗ ಯಾವುದಕ್ಕೂ ಇರುತ್ತದೆ ಎಂದು ಅವನು ನಂಬಿದ್ದ. ಅವನ ಕಸುಬು ಕಲಿಸಿದ್ದೇ ಅಷ್ಟು.

ಆ ಹತ್ತೊಂಬತ್ತು ದಿನ ಮನೆಯೊಳಗಿನ ಹೊತ್ತು ಸೊಟ್ಟಗಾಯಿತು. ಬೆಳಿಗ್ಗೆ ಚಮಚ ನುಂಗಿದ ಸ್ವಲ್ಪ ಹೊತ್ತಿಗೆ ಕೂಸಿಗೆ ಬೆಂಕಿ ಹತ್ತಿದ ಹಾಗೆ ಸಿಟ್ಟು ಬರುತ್ತಿತ್ತು. ಬಕೆಟು ಒದೆಯುತ್ತಿದ್ದಳು, ತನ್ನ ಕೂದಲನ್ನೇ ಎಳೆದುಕೊಳ್ಳುತ್ತಿದ್ದಳು. ಮಧ್ಯಾಹ್ನಕ್ಕೆ ಅದು ಇಳಿಯುತ್ತಿತ್ತು. ಸಂಜೆ ಅಮ್ಮ ಬರುವ ವೇಳೆಗೆ ಮೆಟ್ಟಿಲ ಮೇಲೆ ಕೂತು, ಕೈಯಲ್ಲಿ ಹಿಡಿದ ಚಹಾದ ಲೋಟ ಆರುವವರೆಗೂ ಎದುರುಮನೆಯ ಹಸಿರು ಬಾಗಿಲನ್ನೇ ನೋಡುತ್ತಿರುತ್ತಿದ್ದಳು. ಬಾಗಿಲು ನಿಧಾನಕ್ಕೆ ನೀಲಿಯಾಗುತ್ತಿದೆ ಎಂದು ಒಂದು ದಿನ ಹೇಳಿದಳು. ಅಮ್ಮ ಪಕ್ಕದಲ್ಲಿ ಕೂತು ತಾನೂ ಆ ಬಾಗಿಲನ್ನು ನೋಡಿದಳು. ಸಂಜೆಯ ಬೆಳಕಿನಲ್ಲಿ ಅದು ನೀಲಿಯಾಗಿಯೇ ಕಾಣುತ್ತಿತ್ತು.

ಹತ್ತೊಂಬತ್ತನೆಯ ದಿನ ಕೂಸು ಅಮ್ಮನ ಜತೆ ತಾರಸಿಯ ಮೇಲೆ ಚಾದರ ಮಡಿಸುತ್ತಿದ್ದಳು. ಮನೆಯದೇ ಒಂದು ಹಳೆಯ ಚಾದರ. ಎರಡು ತುದಿ ಇವಳ ಕೈಯಲ್ಲಿ, ಎರಡು ತುದಿ ಅಮ್ಮನ ಕೈಯಲ್ಲಿ. ಒಬ್ಬರ ಕಡೆ ಒಬ್ಬರು ನಡೆದು ಬರಬೇಕು. ಅಮ್ಮ ನಡೆದು ಬಂದಳು. ಕೂಸು ನಿಂತಲ್ಲೇ ಮೂಗು ಅರಳಿಸಿ, “ಅಮ್ಮ, ಸುಣ್ಣ,” ಎಂದಳು. ಚಾದರದ ಸಮೇತ ಬಿದ್ದಳು.

ಅಮ್ಮ ಅವಳನ್ನು ಮಗ್ಗುಲಿಗೆ ಹೊರಳಿಸಿ ಎಣಿಸಿದಳು. ಇನ್ನೂರು ದಾಟಿದರೂ ಸೆಳೆತ ನಿಲ್ಲಲಿಲ್ಲ. ತಮ್ಮ ಅಕ್ಕನನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಮುಂದಿನ ಹಲ್ಲು ಒಂದು ಮುರಿದು ತಾರಸಿಯ ಮೇಲೆಯೇ ಉಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾತ್ರೆ ತಪ್ಪಿದೆಯೇ ಎಂದು ಕೇಳಿದಳು. ಇಲ್ಲ ಎಂದಳು ಅಮ್ಮ. ಅಪ್ಪ ಅಂಗಿಯ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಹತ್ತೊಂಬತ್ತು ಅರ್ಧಗಳು.

“ನಾನೇ ತೂಗಿದ್ದು ಮೇಡಂ. ಒಂದಕ್ಕೊಂದು ಕೂದಲಷ್ಟೂ ವ್ಯತ್ಯಾಸ ಇಲ್ಲ.”

ಡಾಕ್ಟರಮ್ಮ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. ಬೈಯಲಿಲ್ಲ. ಈ ಮಾತ್ರೆಯನ್ನು ಕತ್ತರಿಸಲೇಬಾರದು ಎಂದಳು. ಇದರ ಹೊರಪದರ ಇಡೀ ದಿನ ನಿಧಾನವಾಗಿ ಕರಗಲೆಂದೇ ಮಾಡಿದ್ದು. ಕತ್ತರಿಸಿದರೆ ಒಳಗಿನದೆಲ್ಲ ಒಂದೇ ಸಲಕ್ಕೆ ರಕ್ತಕ್ಕೆ ಇಳಿಯುತ್ತದೆ. ಬೆಳಿಗ್ಗೆ ಅತಿಯಾಯಿತು, ಸಂಜೆಗೆ ಏನೂ ಉಳಿಯಲಿಲ್ಲ.

“ತೂಕ ಸರಿ ಇತ್ತು,” ಅಪ್ಪ ಮತ್ತೆ ಹೇಳಿದ.

“ತೂಕದ್ದಲ್ಲ ಮೇಸ್ತ್ರಿ. ಹೊತ್ತಿನದು.”

ಇಡೀ ಮಾತ್ರೆ ಮತ್ತೆ ಶುರುವಾಯಿತು, ಜತೆಗೊಂದು ಚಿಕ್ಕ ಮಾತ್ರೆ. ಆರು ವಾರ ನೋಡಿ. ಸಿಡುಕು ತಾನಾಗಿ ಇಳಿದರೂ ಇಳಿಯಬಹುದು. ತಡೆಯಲಾಗದಿದ್ದರೆ ಬೇರೆ ಯೋಚಿಸೋಣ, ಹಳೆಯದಕ್ಕೂ ಹೋಗಬಹುದು. ಮನೆಯವರು ನೋಡಿ ತೀರ್ಮಾನ ಮಾಡಿ ಎಂದಳು ಡಾಕ್ಟರಮ್ಮ. ಪಕ್ಕದ ಮಂಚದ ಮೇಲೆ ಕೂಸು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಅವಳ ಕಡೆ ಯಾರೂ ತಿರುಗಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ. ಕಿಟಕಿಯಾಚೆ ಬೀದಿಗಳು ನೆನೆದ ಕಾಗದದ ಚಿತ್ರಗಳಂತೆ ಹಿಂದೆ ಸರಿಯುತ್ತಿದ್ದವು. ಅಮ್ಮ ಮಗಳಿಗೆ ಎಲ್ಲ ಹೇಳಿದಳು, ಅಪ್ಪನಿಗೆ ಕೇಳಲಿ ಎಂಬಂತೆ.

“ಎಷ್ಟು ದಿನ?” ಕೂಸು ಕೇಳಿದಳು.

“ಹತ್ತೊಂಬತ್ತು.”

“ಅಪ್ಪ ದಿನಾ ಬಾಯಿ ತೆಗಿ ಅಂದ್ರಲ್ಲ.”



ಮಾರನೆಯ ಬೆಳಿಗ್ಗೆ ಬಾಳೆಹಣ್ಣು ಮೇಜಿನ ಮೇಲೆ ಸಿಪ್ಪೆ ಸುಲಿಯದೆ ಉಳಿಯಿತು. ಕೂಸು ಮಾತ್ರೆಯನ್ನು ತಾನೇ ತೆಗೆದು, ತಿರುಗಿಸಿ ನೋಡಿ, ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾಲಗೆಯ ಮೇಲಿಟ್ಟು ನೀರು ಕುಡಿದಳು. ಮೊದಲ ಸಲ ಕೆಮ್ಮು ಬಂತು. ಎರಡನೆಯ ಗುಟುಕಿಗೆ ಇಳಿಯಿತು. ಆ ಬಾಳೆಹಣ್ಣನ್ನು ಅಜ್ಜಿ ತಿಂದಳು. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿ ನನ್ನ ಪಾಲಿಗೆ ಒಂದು ಇಡೀ ಹಣ್ಣು ಸಿಕ್ಕಿದ್ದು ಇವತ್ತೇ ಎಂದಳು.

ವಾರಗಳು ಕಳೆದವು. ಕೋಪ ಪೂರ್ತಿ ಹೋಗಲಿಲ್ಲ, ಆದರೆ ಬಂದರೆ ಮೊದಲೇ ಹೇಳಿ ಬರುತ್ತಿತ್ತು. ಕೂಸು ಬ್ರಷ್ ಕೆಳಗಿಟ್ಟು, ಈಗ ನನ್ನ ಹತ್ತಿರ ಬರಬೇಡಿ ಎಂದು ತಾರಸಿಗೆ ಹೋಗಿ, ಹಾಸಿದ ಬಿಸಿಲಿನಲ್ಲಿ ಆ ಕೊನೆಯಿಂದ ಈ ಕೊನೆಗೆ ನಡೆದಾಡಿ ಕೆಳಗೆ ಬರುತ್ತಿದ್ದಳು. ಯಾವುದು ತನ್ನದು, ಯಾವುದು ಮಾತ್ರೆಯದು ಎಂದು ಕೆಲವು ಸಲ ಅವಳಿಗೇ ತಿಳಿಯುತ್ತಿರಲಿಲ್ಲ. ಅಜ್ಜಿಯ ಹತ್ತಿರ ಅದಕ್ಕೊಂದು ಲೆಕ್ಕ ಇತ್ತು: ಕಾರಣ ಕೇಳಿದರೆ ಹೇಳಲು ಬಂದರೆ ನಿನ್ನದು, ಬಾರದಿದ್ದರೆ ಮಾತ್ರೆಯದು. ಹಾಗಾದರೆ ನಿನ್ನ ಕೋಪ ಯಾರದು ಎಂದು ತಮ್ಮ ಕೇಳಿದ. ನನ್ನದು ನಿಮ್ಮಪ್ಪನನ್ನು ಹೆತ್ತದ್ದರ ಫಲ ಎಂದಳು ಅಜ್ಜಿ.

ಆದರೆ ಅಂಗಡಿ ಖಾಲಿಯಾಗಿತ್ತು. ಸಾಹುಕಾರ ಮುಖ ತಿರುಗಿಸಿದನೆಂದು ಪೇಟೆಯೂ ಮುಖ ತಿರುಗಿಸಿತ್ತು. ಕಾಳು ತರುವ ಹೆಂಗಸರು ಮಾತ್ರ ಆಗೊಮ್ಮೆ ಈಗೊಮ್ಮೆ ಹೊಸಿಲ ಹತ್ತಿರ ನಿಂತು, ಒಳಗೆ ಕೂತ ಕೂಸನ್ನು ನೋಡಿ ಮುಂದೆ ಹೋಗುತ್ತಿದ್ದರು. ಗೋದಾಮಿಗೆ ಅವರು ತಮ್ಮ ಮೂಟೆಗಳನ್ನು ಮನೆಯಲ್ಲೇ ತೂಗಿ, ಚೀಟಿ ಕಟ್ಟಿ ತರಲು ಶುರು ಮಾಡಿದ್ದಾರೆ, ಸಾಹುಕಾರನಿಗೆ ಬಿಸಿ ತುಪ್ಪ ನುಂಗಿದ ಹಾಗಾಗಿದೆ ಎಂದು ತಮ್ಮ ಸುದ್ದಿ ತಂದ. ಅದರ ಜತೆಗೆ ಸಾಹುಕಾರನ ಇನ್ನೊಂದು ಮಾತನ್ನೂ ತಂದ. ಅಕ್ಕ ಒಂದು ದಿನ ಗೋದಾಮಿಗೆ ಬರಲಿ. ಎಲ್ಲರ ಎದುರು, ಮಾತ್ರೆ ತಲೆಗೇರಿ ಏನೋ ಅಂದುಬಿಟ್ಟೆ ಎಂದು ಹೇಳಲಿ. ಅಷ್ಟೇ. ತಕ್ಕಡಿಗಳು ಅಂಗಡಿಗೆ ವಾಪಸು. ಲಾರಿ ಲಾರಿಯ ಜಾಗದಲ್ಲಿ. ಹೇಳದಿದ್ದರೆ ತಿಂಗಳ ಕೊನೆಗೆ ಬೀಗದಕೈ ಇಟ್ಟು ಹೋಗು ಎಂದಿದ್ದಾನೆ.

“ಒಂದು ಮಾತು,” ಅಪ್ಪ ಅಂದ. “ಒಂದು ಮಾತಿಗೆ ಮನೆ ಉಳಿಯತ್ತೆ.”

“ನೀವು ಹೊಯ್ದ ಸೀಸಕ್ಕೆ ಅವಳು ಯಾಕೆ ತಪ್ಪಾಯ್ತು ಅನ್ಬೇಕು ರೀ?” ಅಮ್ಮ ಕೇಳಿದಳು. ತಟ್ಟೆ ತೊಳೆಯುತ್ತಿದ್ದವಳು ತಿರುಗಲಿಲ್ಲ.

“ತಪ್ಪಾಯ್ತು ಅನ್ನೋದು ಬೇಡ. ಮಾತ್ರೆ ಅಂದ್ರೆ ಸಾಕು.”

ತಮ್ಮ ಅಕ್ಕನ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತ. ಅವನಿಗೆ ಇಪ್ಪತ್ತೇಳು. ತಾರಸಿಯಿಂದ ಅವಳನ್ನು ಹೊತ್ತು ಇಳಿದವನು ಅವನೇ. ಮತ್ತೊಂದು ಲಾರಿ ಸಿಗುವುದು ಸುಲಭವಲ್ಲ ಅಕ್ಕ ಎಂದ. ಕೂಸು ಅವನ ತಲೆಗೂದಲಲ್ಲಿ ಸಿಕ್ಕಿದ್ದ ಹೊಟ್ಟು ತೆಗೆದಳು.

ಅಪ್ಪ ಕೊನೆಗೆ ಹೇಳಿದ: ಹೇಳಲಾಗದಷ್ಟು ಸಿಟ್ಟು ಇನ್ನೂ ಇದೆ ಎಂದಾದರೆ ಅದು ಮಾತ್ರೆಯ ಸಿಟ್ಟೇ. ಆರು ವಾರ ಮುಗಿಯುತ್ತಿದೆ, ಡಾಕ್ಟರಮ್ಮನಿಗೆ ಹೇಳಿ ಹಳೆಯದಕ್ಕೇ ಹೋಗೋಣ.

“ಹಳೇದು ಬೇಡ,” ಕೂಸು ಅಂದಳು. “ಅದ್ರಲ್ಲಿ ಆರು ವರ್ಷ ಒಂದು ಬಾಗಿಲು ಕಾಣಿಸ್ಲಿಲ್ಲ ನಂಗೆ.”

“ಹಾಗಾದ್ರೆ ಬಾ. ಬಂದು ಹೇಳು.”

ಹೋಗುವ ದಿನ ಅಮ್ಮ ಲಾಂಡ್ರಿಗೆ ರಜ ಹಾಕಿದಳು. ಮಗಳ ಹತ್ತಿಯ ಉಡುಪಿಗೆ ಇಸ್ತ್ರಿ ಹಾಕಿ, ಕೂದಲು ಬಾಚಿ ಕೊಟ್ಟಳು. ಏನು ಹೇಳಬೇಕೆಂದು ಅವಳು ಹೇಳಿಕೊಡಲಿಲ್ಲ. ಕೂಸು ಮಾತ್ರೆ ನುಂಗಿ ನೀರು ಕುಡಿದು ಲೋಟ ಬೋರಲು ಹಾಕಿದಳು. ನಾಲ್ವರೂ ಪೇಟೆಯ ಬೀದಿಯಲ್ಲಿ ನಡೆದು ಹೋದರು. ಅಪ್ಪ ಮುಂದೆ, ತಮ್ಮ ಹಿಂದೆ, ಅಮ್ಮ ಮಗಳು ನಡುವೆ. ಅಂಗಡಿಗಳವರು ಕೆಲಸ ಬಿಟ್ಟು ನೋಡಿದರು. ಯಾವುದೋ ದೂರದ ಕಿಟಕಿಯಲ್ಲಿ ಯಾರೋ ಒಂದೇ ಪದ್ಯದ ಒಂದೇ ಸಾಲನ್ನು ಬಾಯಿಪಾಠ ಮಾಡುತ್ತಿದ್ದರು.

ಗೋದಾಮಿನೊಳಗೆ ಹೊತ್ತು ನಿಂತುಬಿಟ್ಟಿತ್ತು. ಎತ್ತರದ ಕಿಟಕಿಗಳಿಂದ ಇಳಿದ ಬೆಳಕಿನ ಕಂಬಗಳಲ್ಲಿ ಕಾಳಿನ ಧೂಳು ಮೇಲೂ ಹೋಗದೆ ಕೆಳಗೂ ಬಾರದೆ ತೇಲುತ್ತಿತ್ತು. ಮೂಟೆಗಳ ನಡುವೆ ನಡೆದರೆ ಹೆಜ್ಜೆಯ ಸದ್ದೂ ಕೇಳುತ್ತಿರಲಿಲ್ಲ. ನಡುವೆ ದೊಡ್ಡ ತಕ್ಕಡಿ, ಪಕ್ಕದಲ್ಲಿ ಕಪ್ಪು ಕಲ್ಲುಗಳು. ಹದಿನೈದು ಇಪ್ಪತ್ತು ಜನ ಮೂಟೆಗಳ ಜತೆ ಸಾಲಾಗಿ ನಿಂತಿದ್ದರು. ಅವರಲ್ಲಿ ಆ ಕಾಳಿನ ಹೆಂಗಸೂ ಇದ್ದಳು.

ಸಾಹುಕಾರ ಒಳ್ಳೆಯ ಮಾತಿನವನು. ಕೂಸಿಗೆ ಕುರ್ಚಿ ಹಾಕಿಸಿದ, ನೀರು ತರಿಸಿದ. ಕಾಯಿಲೆ ಯಾರ ಕೈಯಲ್ಲಿದೆ, ಪಾಪದ ಹುಡುಗಿ, ತಾನು ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ಅವಳ ಕಡೆ ಬಾಗಿದ.

“ಹೇಳಮ್ಮ ಕೂಸು. ಅವತ್ತು ಅಂದಿದ್ದು ಮಾತ್ರೆಯಿಂದ ಅಂತ ಅನ್ನು. ಸಾಕು.”

ಕೂಸು ಕುರ್ಚಿಯಿಂದ ಎದ್ದು ನಿಂತಳು. ಸಾಲಿನಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ತಮ್ಮ ನೆಲ ನೋಡುತ್ತಿದ್ದ. ಅಮ್ಮ ಅವಳ ತೋಳಿನ ಹತ್ತಿರ ಇದ್ದಳು, ಮುಟ್ಟದೆ.

“ಹೇಳಿಬಿಡು ಮಗಳೇ,” ಅಪ್ಪ ಮೆಲ್ಲಗೆ ಅಂದ. “ನಿನ್ನ ತಮ್ಮನ ಕೆಲಸ ಹೋಗತ್ತೆ.”

“ಗೊತ್ತು.”

“ನನ್ನ ಅಂಗಡಿ ಹೋಗತ್ತೆ.”

“ಗೊತ್ತಪ್ಪ.”

“ಮತ್ತೆ? ಹೇಳು.”

ಅಪ್ಪ ಅವಳ ಕೈಗಳನ್ನು ನೋಡಿದ, ನಡುಗುತ್ತಿವೆಯೇ ಎಂದು. ಮುಖ ನೋಡಿದ, ಕೆಂಪಾಗಿದೆಯೇ ಎಂದು. ಸಾಹುಕಾರನೂ ನೋಡಿದ, ಅವಳು ಕಿರುಚಲಿ, ಏನಾದರೂ ಎತ್ತಿ ಎಸೆಯಲಿ ಎಂದು ಕಾಯುತ್ತಿದ್ದವನಂತೆ ಅರ್ಧ ಹೆಜ್ಜೆ ಹಿಂದೆ ಸರಿದ.

“ಹೇಳಲ್ಲ,” ಎಂದಳು ಅವಳು. ದನಿ ಏರಲಿಲ್ಲ. ಇನ್ನೊಂದು ತುತ್ತು ಬೇಕೇ ಎಂದು ಕೇಳಿದವರಿಗೆ, ಹೊಟ್ಟೆ ತುಂಬಿದೆ, ಬೇಡ ಎನ್ನುವ ಹಾಗಿತ್ತು.